ಆರಿದ ದೀಪದ ಖರ್ಚು

ಸ್ಮಾರ್ಟ್ ಬಲ್ಬು ಆರಿದ ಮೇಲೂ ಕರೆಂಟು ಎಳೆಯುತ್ತದೆ. ಫೋನಿನಿಂದ ಬರುವ ಅಪ್ಪಣೆಗಾಗಿ ಅದರೊಳಗಿನ ರೇಡಿಯೊ ಹಗಲೂ ರಾತ್ರಿ ಎಚ್ಚರವಾಗಿರಬೇಕು. 230 ವೋಲ್ಟನ್ನು ಆ ಚಿಪ್ಪಿಗೆ ಒಗ್ಗುವಷ್ಟಕ್ಕೆ ಇಳಿಸುವ ಪುಟ್ಟ ಸರ್ಕೀಟೂ ಬಿಡುವಿಲ್ಲದೆ ದುಡಿಯಬೇಕು. ಇಷ್ಟು ಸಣ್ಣ ಹೊರೆ ಹೊತ್ತಾಗ ಆ ಸರ್ಕೀಟಿನ ದಕ್ಷತೆ ಕುಸಿಯುವುದರಿಂದ, ಎಳೆದ ಕರೆಂಟಿನಲ್ಲಿ ಒಂದು ಪಾಲು ರೇಡಿಯೊಗೂ ಸೇರದೆ ಬರೀ ಶಾಖವಾಗುತ್ತದೆ.

ಯುರೋಪಿಯನ್ ಒಕ್ಕೂಟ 2021ರ ಸೆಪ್ಟೆಂಬರಿನಿಂದ ಇಂಥ ಕಾಯುವಿಕೆಗೆ 0.5 ವ್ಯಾಟಿನ ಮಿತಿ ಹಾಕಿದೆ. ಅಂಕಿ ಚಿಕ್ಕದು, ಆದರೆ ಬಲ್ಬು ಎಲ್ಲಿದೆ ಎಂಬುದರ ಮೇಲೆ ಲೆಕ್ಕ ಬದಲಾಗುತ್ತದೆ. ದಿನಕ್ಕೆ ಒಂದೇ ಗಂಟೆ ಉರಿಯುವ ಉಗ್ರಾಣದ 9 ವ್ಯಾಟ್ ಬಲ್ಬು ಬೆಳಕಿಗೆ 9 ವ್ಯಾಟ್-ಗಂಟೆ ಬಳಸಿದರೆ, ಉಳಿದ 23 ಗಂಟೆ ಕತ್ತಲಲ್ಲಿ ಕಾಯುವುದಕ್ಕೆ ಹನ್ನೊಂದೂವರೆ ಬಳಸುತ್ತದೆ. ಅಲ್ಲಿ ಇದು ಶುದ್ಧ ನಷ್ಟ. ಅದೇ ಬಲ್ಬು ಹಾಲ್‌ನಲ್ಲಿ ಆರು ಗಂಟೆ ಉರಿದರೆ ಕಾಯುವ ಖರ್ಚು 9 ವ್ಯಾಟ್-ಗಂಟೆ. ಎರಡು ಗಂಟೆ ಅರ್ಧ ವ್ಯಾಟೇಜಿಗೆ ಮಂದ ಮಾಡಿದರೆ ಅಷ್ಟೂ ಮರಳಿ ಬರುತ್ತದೆ. ಉಳಿತಾಯ ಶುರುವಾಗುವುದು ಅದರಾಚೆಗೆ. ಜಿಗ್‌ಬೀ ರೇಡಿಯೊದ ಬಲ್ಬಾದರೆ, ಫೋನಿಗೂ ಬಲ್ಬಿಗೂ ನಡುವೆ ಸದಾ ಚಾಲೂ ಇರುವ ಹಬ್ ಪೆಟ್ಟಿಗೆಯ ಖರ್ಚನ್ನೂ ಇದಕ್ಕೆ ಕೂಡಿಸಬೇಕು.

ಇನ್ನೊಂದು ಖರ್ಚು ನಮ್ಮ ಬಿಲ್ಲಿನಲ್ಲಿ ಕಾಣುವುದೇ ಇಲ್ಲ. ಅಗ್ಗದ ಎಲ್‌ಇಡಿ ಸರ್ಕೀಟು ಕರೆಂಟನ್ನು ಸಮವಾಗಿ ಎಳೆಯದೆ, ವೋಲ್ಟೇಜಿನ ತುದಿಯಲ್ಲಿ ಗಬಕ್ಕನೆ ಎಳೆದು ಸುಮ್ಮನಾಗುತ್ತದೆ. ಈ ಎಳೆತ ಎಷ್ಟು ಹದವಾಗಿದೆ ಎಂಬುದರ ಅಳತೆಯಾದ ಪವರ್ ಫ್ಯಾಕ್ಟರ್ 0.9 ಇರುವ 9 ವ್ಯಾಟ್ ಬಲ್ಬಿಗೆ ಸುಮಾರು 43 ಮಿಲಿಆಂಪಿಯರ್ ಸಾಕು, 0.5 ಇದ್ದರೆ 78 ಬೇಕು. ತಂತಿಯಲ್ಲಿ ಆಗುವ ನಷ್ಟ ಕರೆಂಟಿನ ವರ್ಗಕ್ಕೆ ಅನುಗುಣವಾದ್ದರಿಂದ ಅದು ಮೂರು ಪಟ್ಟು ಮೀರುತ್ತದೆ. ಮನೆಯ ಮೀಟರು ಎಣಿಸುವುದು ಯೂನಿಟ್ಟುಗಳನ್ನು ಮಾತ್ರ, ಹಾಗಾಗಿ ಈ ನಷ್ಟ ಬೀದಿಯ ತಂತಿ ಮತ್ತು ಟ್ರಾನ್ಸ್‌ಫಾರ್ಮರಿನ ಪಾಲು. ಜೊತೆಗೆ, ಹೀಗೆ ಗಬಕ್ಕನೆ ಎಳೆಯುವುದರಿಂದ ಮೂರು ಫೇಸುಗಳಲ್ಲಿ ಹುಟ್ಟುವ 150 ಹರ್ಟ್ಸ್ ಅಲೆಗಳು (ಹಾರ್ಮೋನಿಕ್ಸ್) ಒಂದನ್ನೊಂದು ಅಳಿಸದೆ ನ್ಯೂಟ್ರಲ್‌ನಲ್ಲಿ ಕೂಡಿಕೊಳ್ಳುತ್ತವೆ. ಒಂದು ಬಲ್ಬಿನಿಂದ ಏನೂ ಆಗದು, ನಿಜ. ಆದರೆ ಇಡೀ ಅಪಾರ್ಟ್‌ಮೆಂಟು ಇಂಥವನ್ನೇ ಹಾಕಿಕೊಂಡರೆ ಆ ಮಾತು ಹೇಳಲಾಗದು. ಯುರೋಪಿನ ನಿಯಮವೂ ಇಲ್ಲಿ ಸಡಿಲ: 5 ವ್ಯಾಟಿನವರೆಗಿನ ಬಲ್ಬಿಗೆ ಈ ಬಗ್ಗೆ ಕನಿಷ್ಠ ಮಿತಿಯೇ ಇಲ್ಲ.

ನನ್ನ ದೊಡ್ಡ ತಕರಾರು ಡಬ್ಬಿಯ ಮೇಲಿನ ಮೌನದ್ದು. ನಮ್ಮ ಬಿಇಇ (ಇಂಧನ ದಕ್ಷತಾ ಬ್ಯೂರೊ) ನಕ್ಷತ್ರಗಳು ಒಂದು ವ್ಯಾಟಿಗೆ ಎಷ್ಟು ಲ್ಯೂಮೆನ್ ಎಂದು ನೋಡುತ್ತವೆ. ಅಂದರೆ ಉರಿಯುವ ಬಲ್ಬಿನ ಕಥೆ. ಯುರೋಪಿನಲ್ಲಿ ಕಾಯುವ ವ್ಯಾಟನ್ನು ಉತ್ಪನ್ನದ ಮಾಹಿತಿಪತ್ರದಲ್ಲಿ ಬರೆಯಲೇಬೇಕು. ಗೃಹಜ್ಯೋತಿಯಡಿ ಶೂನ್ಯ ಬಿಲ್ಲು ಬರುವ ಮನೆಯಲ್ಲಿ ಈ ಅಂಕಿಯನ್ನು ಕೇಳುವ ಕಾರಣವೇ ಕಾಣಿಸದು. ಹಾಗಾಗಿ ಇಲ್ಲಿ ಅದನ್ನು ಡಬ್ಬಿಯ ಮೇಲೆಯೇ ಮುದ್ರಿಸುವುದು ಇನ್ನೂ ಅಗತ್ಯ.

ಹಾಸಿಗೆ ಹಿಡಿದ ಅಜ್ಜಿ ಬಾಯಿಮಾತಿನಲ್ಲೇ ದೀಪ ಹಚ್ಚಿಕೊಳ್ಳುವಂತಾದರೆ ಅರ್ಧ ವ್ಯಾಟು ಏನೇನೂ ಅಲ್ಲ. ಆ ಕೋಣೆಗೆ ಈ ಬಲ್ಬು ಖಂಡಿತ ಬೇಕು. ಮನೆಯ ಪ್ರತಿ ಹೋಲ್ಡರಿಗೂ ಒಂದೊಂದು ರೇಡಿಯೊ ತುಂಬುವ ವಿನ್ಯಾಸವನ್ನು ಮಾತ್ರ ಒಪ್ಪಲಾರೆ. ಗೋಡೆಯ ಸ್ವಿಚ್ಚನ್ನು ಯಾರಾದರೂ ಆರಿಸಿದರೆ ಬಲ್ಬು ಕಿವುಡಾಗುತ್ತದೆ. ನಡುರಾತ್ರಿ ಹೋದ ಕರೆಂಟು ಮರಳಿದಾಗ ಹಲವು ಬಲ್ಬುಗಳು ತಾವಾಗಿ ಪೂರ್ತಿ ಉರಿಯತೊಡಗುತ್ತವೆ. ಬಣ್ಣ ಬದಲಿಸುವ ಹಂಬಲವಿಲ್ಲದ ಮನೆಗೆ ಸ್ವಿಚ್‌ಬೋರ್ಡಿನ ಹಿಂದೆ ಕೂರುವ ಒಂದು ಮಾಡ್ಯೂಲು ಮೇಲು: ನಾಲ್ಕು ಸಾಧಾರಣ ಬಲ್ಬುಗಳಿಗೆ ಒಂದೇ ರೇಡಿಯೊ, ಮತ್ತು ಗೋಡೆಯ ಸ್ವಿಚ್ಚು ಎಲ್ಲರ ಕೈಗೂ ಎಂದಿನಂತೆ ಕೆಲಸ ಮಾಡುತ್ತದೆ.