‘ವಾತಾವರಣ’ ಶಬ್ದವಿಚಾರ

‘ವಾತಾವರಣ’ವೆಂಬುದು ಇಂಗ್ಲಿಷಿನ ‘ಅಟ್ಮಾಸ್ಫಿಯರ್’ ಎಂಬುದಕ್ಕೆ ಕನ್ನಡದಲ್ಲಿ ರೂಢವಾದ ಪದ. ಆ ಇಂಗ್ಲಿಷ್ ಪದವಾದರೋ ಆವಿಯೆಂಬರ್ಥದ ‘ಅಟ್ಮಾಸ್’, ಗೋಲವೆಂಬರ್ಥದ ‘ಸ್ಫೈರ’ ಎಂಬ ಗ್ರೀಕ್ ಶಬ್ದಗಳಿಂದ 17ನೆಯ ಶತಮಾನದ ಲ್ಯಾಟಿನ್ ಪಂಡಿತರು ಘಟಿಸಿದುದು. 1638ರಲ್ಲಿ ಜಾನ್ ವಿಲ್ಕಿನ್ಸನು ಅದನ್ನು ಚಂದ್ರನ ವಿಷಯದಲ್ಲಿ ಪ್ರಯೋಗಿಸಿದನು. ಚಂದ್ರನಿಗಿರುವ ವಾಯುವಾದರೋ ಇಲ್ಲವೆನ್ನುವಷ್ಟು ವಿರಳ. ಭಾಸ್ಕರಾಚಾರ್ಯರು 1150ರ ಸಿದ್ಧಾಂತಶಿರೋಮಣಿಯಲ್ಲಿಯೇ ಭೂಮಿಯ ಸುತ್ತಲೂ 12 ಯೋಜನಗಳವರೆಗೆ ‘ಭೂವಾಯು’ವನ್ನು ಹೇಳಿ, ಮೇಘವಿದ್ಯುತ್ತುಗಳಿಗೆ ಅದೇ ಆಶ್ರಯವೆಂದಿದ್ದಾರೆ. ಆದುದರಿಂದ ವಾಚ್ಯಾರ್ಥವು ನಮಗೆ ಹೊಸತಲ್ಲ.

ಹೊಸತಾದುದು ಲಕ್ಷ್ಯಾರ್ಥ. ‘ಕಾವ್ಯದ ವಾತಾವರಣ’ವೆಂದರೆ ಉದ್ದೀಪನವಿಭಾವವೇ ಎಂಬುದು ಸಾಧುವಲ್ಲ. ಉದ್ದೀಪನವು ಚಂದ್ರೋದಯ, ಉದ್ಯಾನ ಮುಂತಾಗಿ ಬೆರಳಿಟ್ಟು ತೋರಿಸತಕ್ಕುದು. ವಾತಾವರಣವು ಪದ, ಛಂದಸ್ಸು, ವರ್ಣನೆಗಳಲ್ಲೆಲ್ಲ ವ್ಯಾಪಿಸಿ ಯಾವುದೊಂದರಲ್ಲಿಯೂ ನೆಲೆನಿಲ್ಲದುದು. ಹೀಗೆ ವಿಮರ್ಶೆಗೆ ಈ ಶಬ್ದವು ಅವಶ್ಯವೇ ಸರಿ.

ಆದರೆ ‘ಆವರಣ’ಕ್ಕೆ ಸುತ್ತುವರಿಯುವುದೆಂಬಂತೆ ಮರೆಮಾಡುವುದೆಂಬರ್ಥವೂ ಉಂಟು, ವೇದಾಂತದಲ್ಲಿ ಅದು ವಸ್ತುಸ್ವರೂಪವನ್ನು ಮುಚ್ಚುವ ಶಕ್ತಿ. ಯಾವ ಪದದಿಂದ, ಯಾವ ಲಯದಿಂದ ಆ ಭಾವವು ಹುಟ್ಟಿತೆಂದು ಪರೀಕ್ಷಿಸದೆ, ‘ವಾತಾವರಣವು ರಮ್ಯವಾಗಿದೆ’ ಎಂದು ಹೇಳಿ ಮುಗಿಸುವ ವಿಮರ್ಶೆಯಲ್ಲಿ ಶಬ್ದವು ಈ ಎರಡನೆಯ ಅರ್ಥದಲ್ಲಿಯೇ ಅನ್ವರ್ಥವಾಗುತ್ತದೆ. ಓದುವವನಿಗೆ ಕಾವ್ಯವೇ ಮರೆಯಾಗುತ್ತದೆ.