ಆಟಕ್ಕೆ ಕರೆಯುವ ಸಣ್ಣ ಪುಸ್ತಕ

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳ ಜನರಿಗೆ ವೇಷ ಕಟ್ಟುವುದು ಹೊಸತಲ್ಲ. ಹೊಲದಲ್ಲಿ ದುಡಿಯುವ ರೈತ ಬಯಲಾಟದ ಒಂದು ರಾತ್ರಿಯ ಮಟ್ಟಿಗೆ ರಾಜನಾಗುತ್ತಾನೆ. ಮೊಹರಂ ಬಂತೆಂದರೆ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹಿಂದೂ ಮುಸ್ಲಿಮರೆನ್ನದೆ ಹೆಜ್ಜೆ ಮೇಳ ಕಟ್ಟುತ್ತಾರೆ, ಹುಲಿವೇಷ ಹಾಕುತ್ತಾರೆ. ಹಾನಗಲ್ಲ ತಾಲೂಕಿನ ಶೇಷಗಿರಿ ಎಂಬ ಪುಟ್ಟ ಹಳ್ಳಿ ತನ್ನ ನಾಟಕ ತಂಡದಿಂದಲೇ ನಾಡಿನಲ್ಲಿ ಹೆಸರು ಮಾಡಿದೆ. ಹೀಗೆ ಪಾತ್ರವಾಗುವುದನ್ನು ಬಲ್ಲ ಜನರ ಮಕ್ಕಳಿಗೆ, ಪಾತ್ರ ವಹಿಸಿಯೇ ಆಡುವ ಒಂದು ಹೊಸ ಆಟ ಕೈಗೆಟಕಬೇಕಾದರೆ ಏನು ಬೇಕು? ಈ ಪ್ರಶ್ನೆಯನ್ನಿಟ್ಟುಕೊಂಡು ಆ ಆಟದ ಪ್ರವೇಶ ಪುಸ್ತಕಗಳನ್ನು ನಾವಿಲ್ಲಿ ವಿಮರ್ಶಿಸಬಯಸುತ್ತೇವೆ.

ಆಟದ ಹೆಸರು ರೋಲ್ ಪ್ಲೇಯಿಂಗ್ ಗೇಮ್. ನಾಲ್ಕಾರು ಮಂದಿ ಮೇಜಿನ ಸುತ್ತ ಕೂಡುತ್ತಾರೆ. ಒಬ್ಬರು ಕಥೆಯ ಸನ್ನಿವೇಶವನ್ನು ಹೇಳುತ್ತಾ ಹೋಗುತ್ತಾರೆ. ಉಳಿದವರು ತಲಾ ಒಂದೊಂದು ಪಾತ್ರ ವಹಿಸಿ, ಆ ಸನ್ನಿವೇಶದಲ್ಲಿ ತಾವೇನು ಮಾಡುತ್ತೇವೆಂದು ಹೇಳುತ್ತಾರೆ. ಫಲ ಏನಾದೀತೆಂಬ ಅನುಮಾನ ಬಂದಾಗ ದಾಳ ಉರುಳಿಸಿ ತೀರ್ಮಾನಿಸುತ್ತಾರೆ. ದೊಡ್ಡಾಟದಲ್ಲಿ ಸಾರಥಿ ಪ್ರತಿಯೊಂದು ಪಾತ್ರವನ್ನೂ 'ಯಾರು ನೀವು?' ಎಂದು ವಿಚಾರಿಸಿ ಮಾತಿಗೆಳೆಯುವುದನ್ನು ಕಂಡವರಿಗೆ ಇದರ ಸ್ವರೂಪ ತಟ್ಟನೆ ಹೊಳೆಯುತ್ತದೆ. ವ್ಯತ್ಯಾಸವಿಷ್ಟೆ: ಇಲ್ಲಿ ಮುಂದಿನ ಮಾತು ಮೊದಲೇ ಬರೆದಿಟ್ಟದ್ದಲ್ಲ.

ಇಂತಹ ಆಟಗಳ ಪೈಕಿ ಮೊದಲು ಅಚ್ಚಾಗಿ ಬಂದದ್ದು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್'. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಇದನ್ನು ಹೊರತಂದರು. ಗೊಂಬೆ ಸೈನಿಕರ ಯುದ್ಧದಾಟಗಳನ್ನು ಮೊದಲೇ ಬಲ್ಲವರಿಗೆಂದು ಬರೆದಂತಿದ್ದ ಆ ನಿಯಮಗಳು ಹೊಸಬರಿಗೆ ಕಗ್ಗಂಟಾಗಿದ್ದವು. ಮುಂದೆ ಆಟ ಬೆಳೆದಂತೆ ಪುಸ್ತಕಗಳೂ ದಪ್ಪವಾದವು. 2014ರ ಆವೃತ್ತಿಯ ಮೂರು ಮುಖ್ಯ ಗ್ರಂಥಗಳನ್ನು ಒಟ್ಟಿಗಿಟ್ಟರೆ ಸುಮಾರು 1000 ಪುಟಗಳ ಇಂಗ್ಲಿಷ್ ಓದು! ಕನ್ನಡ ಅಥವಾ ಉರ್ದು ಮಾಧ್ಯಮದಲ್ಲಿ ಓದುವ ಸವಣೂರಿನ ಹುಡುಗಿಗೆ ಇದು ಮುಚ್ಚಿದ ಬಾಗಿಲಲ್ಲದೆ ಮತ್ತೇನು?

ಈ ಬಾಗಿಲನ್ನು ತೆರೆಯುವ ಯತ್ನವೇ ಪ್ರವೇಶ ನಿಯಮಗಳು ಅಥವಾ 'ಕ್ವಿಕ್ ಸ್ಟಾರ್ಟ್'. 1977ರಲ್ಲಿ ವೈದ್ಯ ಎರಿಕ್ ಹೋಮ್ಸ್ ಗೋಜಲಾಗಿದ್ದ ನಿಯಮಗಳನ್ನು 48 ಪುಟಗಳಲ್ಲಿ ತಿದ್ದಿ ಜೋಡಿಸಿದರು. ಕೆಲಸ ಅಚ್ಚುಕಟ್ಟಾದದ್ದೇ. ಆದರೆ ಪಾತ್ರ ಮೂರನೆಯ ಹಂತ ದಾಟುವಷ್ಟರಲ್ಲಿ ಪುಸ್ತಕ ಮುಗಿಯುತ್ತದೆ. ಮುಂದಕ್ಕೆ ದೊಡ್ಡ ಪುಸ್ತಕ ಕೊಳ್ಳಿರೆಂದು ಕೈ ತೋರುತ್ತದೆ. 1983ರಲ್ಲಿ ಫ್ರ್ಯಾಂಕ್ ಮೆಂಟ್ಜರ್ ಸಿದ್ಧಪಡಿಸಿದ ಆವೃತ್ತಿಯ ದಾರಿಯೇ ಬೇರೆ. ಓದುಗ ಆರಂಭದ ಪುಟಗಳಲ್ಲೇ ಒಬ್ಬನೇ ಕುಳಿತು ಆಡತೊಡಗುತ್ತಾನೆ. ಅಗತ್ಯ ಬಿದ್ದಲ್ಲಿ ಮಾತ್ರ ಒಂದೊಂದು ನಿಯಮ ಎದುರಾಗುತ್ತದೆ. ಬೋಧನೆಯ ದೃಷ್ಟಿಯಿಂದ ಇದೇ ಶ್ರೇಷ್ಠವೆಂಬುದು ನಮ್ಮ ಅಭಿಪ್ರಾಯ. 2014ರ ಸ್ಟಾರ್ಟರ್ ಸೆಟ್ಟಿನಲ್ಲಿ 32 ಪುಟಗಳ ನಿಯಮ, 64 ಪುಟಗಳ ಕಥೆ, ಐದು ಸಿದ್ಧ ಪಾತ್ರಗಳು ಮತ್ತು ದಾಳಗಳಿದ್ದವು. ಪೆಟ್ಟಿಗೆ ಬಿಚ್ಚಿದ ದಿನವೇ ಆಡಬಹುದಿತ್ತು. ಆದರೆ ಸ್ವಂತ ಪಾತ್ರವನ್ನು ಕಟ್ಟುವ ಬಗೆಯನ್ನು ಆ ಪುಸ್ತಿಕೆ ಹೇಳುವುದಿಲ್ಲ. ಅದಕ್ಕೆ ಅದೇ ವರ್ಷ ಉಚಿತವಾಗಿ ಒದಗಿಸಿದ್ದ ಮೂಲ ನಿಯಮಗಳನ್ನು ಬೇರೆಯಾಗಿ ನೋಡಬೇಕಿತ್ತು.

ಪ್ರವೇಶ ಪುಸ್ತಕವೊಂದನ್ನು ಅಳೆಯುವ ಮಾನದಂಡ ಇಲ್ಲಿಯೇ ದೊರೆಯುತ್ತದೆ. ಅದನ್ನು ಓದಿದವರು ಒಂದು ಆಟವನ್ನು ಪೂರ್ತಿಯಾಗಿ ಆಡಿದರೇ? ಇನ್ನೊಂದನ್ನು ತಾವೇ ಕಟ್ಟಿಕೊಳ್ಳುವಷ್ಟು ಕಲಿತರೇ? ಇವೆರಡಕ್ಕೂ ಹೌದೆನ್ನಲಾಗದ ಪುಸ್ತಕ ಬರಿಯ ಜಾಹೀರಾತು.

ಚಿಕ್ಕ ಪುಸ್ತಕ ಆಟವನ್ನೇ ಚಿಕ್ಕದು ಮಾಡುತ್ತದೆ ಎಂದು ಆಕ್ಷೇಪಿಸುವವರಿದ್ದಾರೆ. ಹಿರೇಕೆರೂರು ತಾಲೂಕಿನ ಅಬಲೂರಿನೊಂದಿಗೆ ಜನ ನೆನೆಯುವ ಸರ್ವಜ್ಞ ಹೇಳಬೇಕಾದುದನ್ನು ಮೂರು ಸಾಲಿನ ತ್ರಿಪದಿಯಲ್ಲೇ ಹೇಳಿದನಲ್ಲವೇ? ಅದನ್ನು ಯಾರೂ ಅರೆಬರೆ ಎನ್ನಲಿಲ್ಲ. ಇನ್ನು ಚೌಕಾಬಾರಕ್ಕಂತೂ ಪುಸ್ತಕವೇ ಇಲ್ಲ. ಕಟ್ಟೆಯ ಮೇಲೆ ಮನೆ ಗೀಚಿ, ಕವಡೆ ಕೈಗಿತ್ತು, ಅಜ್ಜಿ ಪಕ್ಕದಲ್ಲಿ ಕುಳಿತು ಕಲಿಸುತ್ತಾಳೆ. ಹೊಸ ಆಟಕ್ಕೆ ಅಂತಹ ಅಜ್ಜಿ ಇಲ್ಲ. ಬಲ್ಲವರು ಪಕ್ಕದಲ್ಲಿರುವ ಊರಿನಲ್ಲಿ ಪುಸ್ತಕ ಹೇಗಿದ್ದರೂ ನಡೆದೀತು. ಬಲ್ಲವರಿಲ್ಲದ ಊರಿನಲ್ಲಿ ಆ ಅಜ್ಜಿಯ ಕೆಲಸವನ್ನು ಪುಸ್ತಕವೇ ಮಾಡಬೇಕು. ಆದುದರಿಂದ ಮಹಾನಗರಕ್ಕಿಂತ ಶಿಗ್ಗಾಂವಿಯಲ್ಲಿ ಇಂತಹ ಪುಸ್ತಿಕೆಯ ಬೆಲೆ ಹೆಚ್ಚು.

ಇದನ್ನು ಕನ್ನಡಕ್ಕೆ ತರಲು ಕಾನೂನಿನ ತೊಡಕೂ ಇಲ್ಲ. 2023ರ ಜನವರಿಯಲ್ಲಿ ಈ ಆಟದ ಮೂಲ ನಿಯಮಗಳ ಒಂದು ಪಠ್ಯವನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಡುಗಡೆ ಮಾಡಲಾಯಿತು. ಮೂಲವನ್ನು ಹೆಸರಿಸಿದರೆ ಸಾಕು, ಯಾರೂ ಅನುವಾದಿಸಬಹುದು, ಮಾರ್ಪಡಿಸಬಹುದು. ಆದರೆ ಬರಿಯ ಅನುವಾದ ಸಾಲದು. ಹದಿನಾರು ಪುಟಗಳು, ಪೇಟೆಯಲ್ಲಿ ಸಿಗುವ ಸಾಮಾನ್ಯ ದಾಳ, ಇಲ್ಲಿಯದೇ ಆದ ಒಂದು ಕಥೆ ಬೇಕು. ಕಥೆ ಸವಣೂರಿನ ದೊಡ್ಡಹುಣಸೆ ಮರಗಳ ನೆರಳಿನಲ್ಲಿ ಆರಂಭವಾಗಲಿ. ವೀಳ್ಯದೆಲೆಯ ವ್ಯಾಪಾರಿ, ನವಾಬನ ಓಲೆಕಾರ, ಊರ ಸೂಲಗಿತ್ತಿ, ಬಯಲಾಟದ ಸಾರಥಿ ಅದರ ಸಿದ್ಧ ಪಾತ್ರಗಳಾಗಲಿ. 2011ರಲ್ಲಿ ಸ್ಥಾಪನೆಯಾದ ಜಾನಪದ ವಿಶ್ವವಿದ್ಯಾಲಯ ಶಿಗ್ಗಾಂವಿ ತಾಲೂಕಿನ ಗೊಟಗೋಡಿಯಲ್ಲೇ ಇದೆ. ಅದು ಮನಸ್ಸು ಮಾಡಿದರೆ ಇದೇನೂ ಅಸಾಧ್ಯವಲ್ಲ.

ಇಷ್ಟಕ್ಕೂ ಒಂದು ಆಟಕ್ಕಾಗಿ ಇಷ್ಟೆಲ್ಲ ಮಾತೇಕೆ ಎಂದು ಕೇಳಬಹುದು. ಬಯಲಾಟದ ಅಟ್ಟ ಹತ್ತಲು ಮನೆಯವರ ಒಪ್ಪಿಗೆ ದೊರೆಯದ ಹುಡುಗಿಗೂ ಮೇಜಿನ ಸುತ್ತ ಜಾಗವಿದೆ. ಅಲ್ಲಿ ಅವಳು ಓಲೆಕಾರನಾಗಬಹುದು. ಪಕ್ಕದ ಮನೆಯ ಬೇರೆ ಜಾತಿಯ ಹುಡುಗಿ ವ್ಯಾಪಾರಿಯಾಗಬಹುದು. ಇನ್ನೊಬ್ಬರ ಜಾಗದಲ್ಲಿ ನಿಂತು ಯೋಚಿಸಿ, ಅವರ ಬಾಯಿಂದ ಮಾತನಾಡಿ, ಆದದ್ದರ ಹೊಣೆ ಹೊರುವ ಅಭ್ಯಾಸ ಅಲ್ಲಿ ಆಗುತ್ತದೆ. ಮುಸ್ಲಿಮ್ ಶರೀಫರು ಬ್ರಾಹ್ಮಣ ಗೋವಿಂದ ಭಟ್ಟರ ಶಿಷ್ಯರಾಗಿ ಬಾಳಿದ ಮಣ್ಣಿದು. ಇಲ್ಲಿಯ ಮಕ್ಕಳು ಒಂದೇ ಮೇಜಿನ ಸುತ್ತ ಕೂಡಲು ಹದಿನಾರು ಪುಟಗಳ ಪುಸ್ತಿಕೆ ನೆಪವಾಗುವುದಾದರೆ, ಅದನ್ನು ಬರೆಯುವ ಶ್ರಮವನ್ನು ಯಾರಾದರೂ ವಹಿಸಿಕೊಳ್ಳಲೇಬೇಕು.