ಕಳೆದುಹೋದ ಅಪ್ಪಂದಿರು, ಕಾಣದ ರಾತ್ರಿಗಳು: ಮರೆವಿನ ಎರಡು ಸಿನೆಮಾಗಳನ್ನು ಅಕ್ಕಲಕೋಟೆ ಕಡೆಯಿಂದ ನೋಡುವುದು

ನನ್ನ ಧ್ವನಿ ಕೇಳಸ್ತದ ಅಂದ್ಕೋತೀನಿ. ನಡುವ ನೆಟ್‌ವರ್ಕ್ ಹೋದ್ರ ಚಾಟ್‌ನಾಗ ಹಾಕ್ರಿ, ಮತ್ತೊಮ್ಮೆ ಹೇಳ್ತೀನಿ.

ಇವತ್ತು ಎರಡು ಸಿನೆಮಾಗಳನ್ನು ಮುಂದಿಟ್ಟುಕೊಂಡಿದ್ದೇನೆ. ಒಂದು ಹೇಮಂತ್ ರಾವ್ ನಿರ್ದೇಶನದ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ (2016). ಇನ್ನೊಂದು ಸುಮಿತ್ರಾ ಭಾವೆ ಮತ್ತು ಸುನೀಲ್ ಸುಕಥನಕರ ಅವರ ಮರಾಠಿ ಸಿನೆಮಾ ‘ಅಸ್ತು’ (2013). ನಮ್ಮ ಸೊಲ್ಲಾಪುರ, ಅಕ್ಕಲಕೋಟೆ ಭಾಗದ ಮನೆಗಳಲ್ಲಿ ಎರಡೂ ಭಾಷೆಯ ಸಿನೆಮಾ ಒಂದೇ ಟಿವಿಯಲ್ಲಿ ಓಡುತ್ತವೆ. ಹಾಗಾಗಿ ಇವೆರಡನ್ನು ಜೋಡಿಸಿ ನೋಡಲು ನನಗೆ ತೌಲನಿಕ ಅಧ್ಯಯನದ ಸಮರ್ಥನೆ ಬೇಕಾಗಿಲ್ಲ.

ಎರಡರಲ್ಲೂ ಅಲ್ಝೈಮರ್ ಬಂದ ಒಬ್ಬ ಓದಿದ ಅಪ್ಪ ಇದ್ದಾನೆ. ಕನ್ನಡದಲ್ಲಿ ಅನಂತ ನಾಗ್ ಅವರ ವೆಂಕೋಬ ರಾವ್, ಮರಾಠಿಯಲ್ಲಿ ಮೋಹನ ಆಗಾಶೆ ಅವರ ಸಂಸ್ಕೃತ ಪಂಡಿತ ಚಕ್ರಪಾಣಿ ಶಾಸ್ತ್ರಿ. ಮಗ ಹೊರಗೆ ಕರೆದುಕೊಂಡು ಹೋದ ದಿನ ವೆಂಕೋಬ ರಾವ್ ಕಾಣೆಯಾಗುತ್ತಾರೆ. ಮಗಳು ಕಾರಿನಲ್ಲಿ ಬಿಟ್ಟು ಹೋದಾಗ ಶಾಸ್ತ್ರಿಗಳು ರಸ್ತೆಯಲ್ಲಿ ಹೊರಟ ಆನೆಯ ಬೆನ್ನು ಹತ್ತುತ್ತಾರೆ. ಎರಡೂ ಕಡೆ ಕತೆ ಶುರುವಾಗುವುದು ಮುದುಕ ಮನೆಯ ಕಣ್ಣು ತಪ್ಪಿದ ಮೇಲೆಯೇ. ನನ್ನ ತಕರಾರು ಇಲ್ಲಿಂದ ಹುಟ್ಟುತ್ತದೆ. ಮುದುಕರು ಮನೆಯಲ್ಲಿ ಇದ್ದರೆ ಕತೆ ಇಲ್ಲೇನು? ಕಳೆದರೆ ಹುಡುಕಾಟ ಇದೆ, ಪಶ್ಚಾತ್ತಾಪ ಇದೆ, ಸಿಕ್ಕಾಗ ಅಳು ಇದೆ. ಇದ್ದರೆ ರಾತ್ರಿ ಮೂರು ಸಲ ಏಳುವುದು, ಹಾಸಿಗೆ ತೊಳೆಯುವುದು, ಉಣಿಸಿದ ಐದು ನಿಮಿಷಕ್ಕೆ ‘ನನಗ ಊಟಾನ ಹಾಕಿಲ್ಲ’ ಎಂದು ಓಣಿಗೆಲ್ಲ ಕೇಳುವಂತೆ ಬೈಸಿಕೊಳ್ಳುವುದು. ಇದಕ್ಕೆ ಕ್ಯಾಮೆರಾ ತಿರುಗುವುದಿಲ್ಲ.

‘ಗೋಧಿ ಬಣ್ಣ’ ನನಗೆ ಇಷ್ಟವಾದ ಸಿನೆಮಾ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕಾಣೆಯಾದವರ ಪ್ರಕಟಣೆಯ ಭಾಷೆಯನ್ನೇ ಹೆಸರು ಮಾಡಿಕೊಂಡದ್ದು ಬಹಳ ಚಲೋ ಉಪಾಯ. ಅಪ್ಪನ ಬಗ್ಗೆ ಮಗನಿಗೆ ಗೊತ್ತಿರುವುದು ಆ ಪ್ರಕಟಣೆಯಲ್ಲಿ ಹಿಡಿಸುವಷ್ಟೇ ಎಂಬ ಮಾತನ್ನು ಹೆಸರೇ ಹೇಳಿಬಿಡುತ್ತದೆ. ಅಪ್ಪನ ಪ್ರೇಮದ ಕತೆ ಮಗ ಶಿವನಿಗೆ ತಿಳಿಯುವುದು ಆರೈಕೆ ಕೇಂದ್ರದ ವೈದ್ಯೆಯಿಂದ. ಆ ವೈದ್ಯೆಯ ಹೆಸರು ನೋಡ್ರಿ: ಸಹನಾ. ಅವಳು ಎಂದೂ ದಣಿಯುವುದಿಲ್ಲ. ಡ್ಯೂಟಿ ಮುಗಿಯುವ ಹೊತ್ತು ಅವಳಿಗೆ ಇದ್ದಂತಿಲ್ಲ. ವೆಂಕೋಬ ರಾವ್ ಅವರ ಬಟ್ಟೆ ಬದಲಿಸುವವರು ಯಾರು, ರಾತ್ರಿ ಪಾಳಿಯಲ್ಲಿ ಯಾರು, ಅವರ ಪಗಾರ ಎಷ್ಟು, ಸಿನೆಮಾ ಆ ಕಡೆ ಕಣ್ಣು ಹಾಯಿಸುವುದಿಲ್ಲ. ಸಹನೆ ಎಂಬುದನ್ನು ಒಂದು ಪಾತ್ರದ ಸ್ವಭಾವ ಮಾಡಿಟ್ಟರೆ ಆಯಿತು, ಅದು ಖರ್ಚಾಗುವ ವಸ್ತು ಎಂದು ತೋರಿಸುವ ಕೆಲಸ ತಪ್ಪುತ್ತದೆ.

‘ಅಸ್ತು’ವಿನಲ್ಲಿ ಈ ಜಾಗಕ್ಕೆ ಬರುವವಳು ಚನ್ನಮ್ಮ, ಆನೆಯವನ ಹೆಂಡತಿ. ಅಮೃತಾ ಸುಭಾಷ್ ಅವರಿಗೆ ಈ ಪಾತ್ರಕ್ಕಾಗಿ ಪೋಷಕ ನಟಿಯ ರಾಷ್ಟ್ರಪ್ರಶಸ್ತಿ ಬಂತು. ಚನ್ನಮ್ಮ ಕನ್ನಡದವಳು, ಅವಳ ಮಾತಿನಲ್ಲಿ ಕನ್ನಡ ಮರಾಠಿ ಎರಡೂ ಕೂಡಿವೆ. ಪುಣೆಯ ಪ್ರೇಕ್ಷಕರಿಗೆ ಅದು ದೂರದ ಒಬ್ಬ ಹೆಣ್ಣುಮಗಳ ಸೊಗಸಾದ ಮಾತು. ನಮಗೆ ಅದು ನಮ್ಮ ಸೋದರತ್ತಿಯ ಮಾತು. ಗಡಿಯ ಕನ್ನಡಿಗರು ಮರಾಠಿ ಪರದೆಯ ಮೇಲೆ ಇಷ್ಟು ಗೌರವದಿಂದ ಕಂಡದ್ದು ಕಡಿಮೆ, ಅದಕ್ಕೆ ನನ್ನ ಮೆಚ್ಚುಗೆ ಇದೆ. ಆದರೆ ಯಾವ ಕೆಲಸಕ್ಕಾಗಿ ಅವಳು ಅಲ್ಲಿ ಕಾಣಿಸಿಕೊಂಡಳು ಎಂದೂ ಕೇಳಬೇಕಲ್ಲ. ಓದಿದ ಮಗಳು ಇರಾ ದಣಿದಿದ್ದಾಳೆ, ಅವಳ ದಣಿವಿಗೆ ಸಿನೆಮಾ ಅಪರಾಧಭಾವವನ್ನು ಅಂಟಿಸುತ್ತದೆ. ಬಡವಿ ಚನ್ನಮ್ಮ ದಣಿಯುವುದೇ ಇಲ್ಲ. ಗುರುತಿಲ್ಲದ ಮುದುಕನನ್ನು ಕೂಸಿನಂತೆ ನೋಡಿಕೊಳ್ಳುತ್ತಾಳೆ. ಶಾಸ್ತ್ರಿಗಳು ಅವಳನ್ನೇ ತಾಯಿ ಎಂದು ತಿಳಿದು ‘ಆಯಿ’ ಎನ್ನುತ್ತಾರೆ, ಸಿನೆಮಾ ತನ್ನ ಶಿಖರ ಮುಟ್ಟುತ್ತದೆ.

ಈ ‘ಆಯಿ’ ಶಬ್ದದ ಹತ್ತಿರ ಸ್ವಲ್ಪ ನಿಲ್ಲುತ್ತೇನೆ. ಮರಾಠಿಯಲ್ಲಿ ಆಯಿ ಅಂದರೆ ತಾಯಿ. ನಮ್ಮ ಕಡೆಯ ಕನ್ನಡದಲ್ಲಿ ಆಯಿ ಅಂದರೆ ಅಜ್ಜಿ, ತಾಯಿ ಅಂದರೆ ಅವ್ವ. ನಮ್ಮ ಮನೆಯಲ್ಲಿ ಆಯಿಗೆ ಮರೆವು ಬಂದಾಗ, ಎರಡನೆಯ ವರ್ಷದಿಂದ, ಆಕೆ ನನ್ನ ಅವ್ವನನ್ನು ‘ಯವ್ವಾ’ ಎಂದು ಕರೆಯತೊಡಗಿದಳು. ಸೊಸೆಯನ್ನು ತಾಯಿ ಅಂದಳು. ಬಂದವರೆಲ್ಲ ‘ಎಂಥಾ ಪುಣ್ಯಾ ಮಾಡೀದೆವ್ವಾ’ ಅನ್ನುತ್ತಿದ್ದರು. ಸಿನೆಮಾದಲ್ಲಿ ಶಿಖರವಾದ ಕರೆ ನಮ್ಮಲ್ಲಿ ರಾತ್ರಿ ಎರಡಕ್ಕೆ, ಮೂರಕ್ಕೆ ಬರುತ್ತಿತ್ತು. ಅವ್ವನಿಗೆ ಅದು ಸೇರುತ್ತಿರಲಿಲ್ಲ. ಒಮ್ಮೆ ಹೇಳಿದಳು: ‘ನಾ ಆಕಿ ಸೊಸಿ, ಅವ್ವ ಅಲ್ಲ. ಸೊಸಿಗೆ ಸಿಟ್ಟರ ಮಾಡಾಕ ಬರತೈತಿ. ಅವ್ವ ಅಂದುಬಿಟ್ರ ಅದೂ ಹೋತು.’

ನನ್ನ ಇವತ್ತಿನ ಓದು ಈ ಮಾತಿನ ಮೇಲೆ ನಿಂತಿದೆ. ಆರೈಕೆಗೆ ತಾಯ್ತನದ ರೂಪಕ ಹಚ್ಚಿದ ಕೂಡಲೆ ಆರೈಕೆ ಮಾಡುವವರ ಸಿಟ್ಟು ಹೇಳಲಾಗದ ಸಂಗತಿಯಾಗುತ್ತದೆ. ಕೂಸು ದಿನದಿನಕ್ಕೆ ಕಲಿಯುತ್ತದೆ, ಮುದುಕರು ದಿನದಿನಕ್ಕೆ ಮರೆಯುತ್ತಾರೆ. ಕೂಸಿಗೆ ತೊಟ್ಟಿಲು ಸಾಕು, ಎಪ್ಪತ್ತೆಂಟರ ಮುದುಕಿಯನ್ನು ಎತ್ತಿ ಕೂರಿಸಿದರೆ ಐವತ್ತೆರಡರ ಸೊಸೆಯ ಸೊಂಟ ಹಿಡಿಯುತ್ತದೆ. ಚನ್ನಮ್ಮನ ಆರೈಕೆ ಸ್ವಲ್ಪ ಹೊತ್ತಿನದು. ಅವ್ವನ ಭಾಷೆಯಲ್ಲೇ ಹೇಳುವುದಾದರೆ, ‘ಒಂದಿನ ಆದ್ರ ಯಾರರ ಮಾಡ್ತಾರ.’

ತಮಾಷೆ ಎಂದರೆ, ಕಲೆ ಬಿಟ್ಟುಬಿಟ್ಟ ಈ ಸಿಟ್ಟನ್ನು ಒಂದು ಒಣ ಪ್ರಶ್ನಾವಳಿ ಕೇಳಿದೆ. ಆರೈಕೆದಾರರ ಹೊರೆಯನ್ನು ಅಳೆಯಲು ವೈದ್ಯರು ಬಳಸುವ ಝರಿಟ್ ಮಾಪನದಲ್ಲಿ 22 ಪ್ರಶ್ನೆಗಳಿವೆ. ಅವರ ಹತ್ತಿರ ಇರುವಾಗ ನಿಮಗೆ ಸಿಟ್ಟು ಬರುತ್ತದೆಯೇ, ನಿಮಗಾಗಿ ಸಮಯ ಉಳಿಯುತ್ತದೆಯೇ, ನಿಮ್ಮ ಆರೋಗ್ಯ ಕೆಟ್ಟಿದೆಯೇ ಎಂಬ ಅರ್ಥದ ಪ್ರಶ್ನೆಗಳು. ಅವನ್ನು ಕನ್ನಡದಲ್ಲಿ ಹೇಳಿ ಅವ್ವನಿಗೆ ಕೇಳಿದೆ. ಸಿಟ್ಟಿನ ಪ್ರಶ್ನೆಗೆ ಆಕೆ ನಕ್ಕು, ‘ಇದನ್ನ ಕೇಳವ್ರೂ ಅದಾರೇನ?’ ಅಂದಳು. ಸಾಹಿತ್ಯದ ವಿದ್ಯಾರ್ಥಿಯಾಗಿ ನನಗೆ ಇದು ಸ್ವಲ್ಪ ನಾಚಿಕೆಯ ವಿಷಯ.

ಭಾಷೆಯ ವಿಚಾರಕ್ಕೆ ಬರುತ್ತೇನೆ, ಯಾಕೆಂದರೆ ಗಡಿಯ ಮನೆಗಳಲ್ಲಿ ಆರೈಕೆಯ ಹೊರೆಗೆ ಇನ್ನೊಂದು ಮಡಿಕೆ ಇದೆ. ಎರಡು ಭಾಷೆ ಬಲ್ಲವರಿಗೆ ಮರೆವು ಬಂದಾಗ ಆಮೇಲೆ ಕಲಿತ ಭಾಷೆ ಮೊದಲು ಸಡಿಲುವುದು ಅನೇಕರಲ್ಲಿ ಕಂಡುಬಂದಿದೆ. ಆಯಿ ಸಂತೆಯಲ್ಲಿ ಐವತ್ತು ವರ್ಷ ಮರಾಠಿ ಆಡಿದವಳು. ಅದು ಮೊದಲು ಹೋಯಿತು. ಮರಾಠಿ ಶಾಲೆಗೆ ಹೋಗುವ ನನ್ನ ತಮ್ಮನ ಮಾತು ಆಕೆಗೆ ಹತ್ತದಾಯಿತು. ಒಂದು ಆಸ್ಪತ್ರೆಯಲ್ಲಿ ನೆನಪಿನ ಪರೀಕ್ಷೆ ಮಾಡಿದರು, ಒಟ್ಟು 30 ಅಂಕದ್ದು. ಇದು ಯಾವ ತಿಂಗಳು ಎಂದು ಮರಾಠಿಯಲ್ಲಿ ಕೇಳಿದರೆ ಆಯಿ ಕನ್ನಡದಲ್ಲಿ ‘ಪಂಚಮಿ ಆತು, ಇನ್ನ ಗಣಪತಿ ಬರ್ತಾನ’ ಅಂದಳು. ಶ್ರಾವಣಕ್ಕೆ ಇದಕ್ಕಿಂತ ಸರಿಯಾದ ಉತ್ತರ ಯಾವುದು? ಸೊನ್ನೆ ಬಿತ್ತು. ‘ಸಾಹೇಬ್ರ, ಆಕಿ ಬರೋಬ್ಬರಿ ಹೇಳ್ಯಾಳ’ ಎಂದು ಅವ್ವ ಮರಾಠಿಯಲ್ಲಿ ವಾದ ಮಾಡಿದಳು. ಅಂಕ ಬದಲಾಗಲಿಲ್ಲ. ದುಭಾಷಿಯ ಈ ಕೆಲಸವೂ ಸೊಸೆಯ ಲೆಕ್ಕಕ್ಕೇ. ‘ಅಸ್ತು’ ಚನ್ನಮ್ಮನ ಮಿಶ್ರ ಮಾತನ್ನು ಭಾಷೆ ಮೀರಿದ ಪ್ರೀತಿಯ ಗುರುತಾಗಿ ಬಳಸುತ್ತದೆ. ಭಾಷೆ ಮೀರಲಾಗದ ಜಾಗವೂ ಇದೆ, ಮಾತ್ರೆ ಚೀಟಿಯ ಮುಂದೆ, ಡಾಕ್ಟರರ ಮೇಜಿನ ಮುಂದೆ.

ಇಲ್ಲೊಂದು ಅಡ್ಡಮಾತು. ‘ಸಂಸ್ಕಾರ’ (1965) ಕಾದಂಬರಿಯನ್ನು ನಾವೆಲ್ಲ ಎಂ.ಎ.ಯಲ್ಲಿ ಓದಿದ್ದೇವೆ. ಬ್ರಾಹ್ಮಣ್ಯ, ಕಾಮ, ಅಸ್ತಿತ್ವ ಎಲ್ಲ ಚರ್ಚೆ ಮಾಡಿದ್ದೇವೆ. ಪ್ರಾಣೇಶಾಚಾರ್ಯರ ದಿನ ಶುರುವಾಗುವುದು ರೋಗಿ ಹೆಂಡತಿಯ ಆರೈಕೆಯಿಂದ, ಮತ್ತು ಆ ಆರೈಕೆಯನ್ನು ಅವರು ತಮ್ಮ ಆತ್ಮ ಪಕ್ವವಾಗುವ ಸಾಧನೆ ಎಂದು ತಿಳಿದಿದ್ದಾರೆ. ಆರೈಕೆ ಪಡೆಯುವ ಭಾಗೀರಥಿಗೆ ಅದು ಹೇಗಿತ್ತು ಎಂದು ನನ್ನ ತರಗತಿಯಲ್ಲಿ ಯಾರೂ ಕೇಳಲಿಲ್ಲ. ಗಂಡಸು ಮಾಡಿದರೆ ತಪಸ್ಸು, ಹೆಂಗಸು ಮಾಡಿದರೆ ಸ್ವಭಾವ. ಇದನ್ನು ಬೇರೆಯೇ ಪ್ರಬಂಧವಾಗಿ ಬರೆಯಬೇಕು, ಇಲ್ಲಿ ಬಿಡುತ್ತೇನೆ.

ಕಾನೂನಿನ ಕಣ್ಣಿಗೂ ಸೊಸೆ ಬಿದ್ದಿಲ್ಲ. ತಂದೆತಾಯಿ ಮತ್ತು ಹಿರಿಯ ನಾಗರಿಕರ ಪಾಲನೆಯ 2007ರ ಕಾಯ್ದೆಯಲ್ಲಿ ‘ಮಕ್ಕಳು’ ಅಂದರೆ ಮಗ, ಮಗಳು, ಮೊಮ್ಮಗ, ಮೊಮ್ಮಗಳು. ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸಬಹುದು. ಅಂದರೆ ಆರೈಕೆ ಎಂದರೆ ಕೊಡುವ ದುಡ್ಡು. ಸೊಸೆ ಅಳಿಯಂದಿರನ್ನೂ ಸೇರಿಸುವ 2019ರ ತಿದ್ದುಪಡಿ ಮಸೂದೆಯಾಗಿಯೇ ಉಳಿಯಿತು. ಅದು ಪಾಸಾಗಿದ್ದರೂ ಅವ್ವನ ಮೇಲೆ ಬಾಧ್ಯತೆ ಬರುತ್ತಿತ್ತೇ ಹೊರತು ಆಕೆ ಮಾಡಿದ್ದಕ್ಕೆ ಲೆಕ್ಕ ಸಿಗುತ್ತಿರಲಿಲ್ಲ.

ಹಾಗಾದರೆ ಅವ್ವ ಹೇಗೆ ತಾಳಿದಳು ಎಂದು ಚಾಟ್‌ನಲ್ಲಿ ಕೇಳಿದ್ದಾರೆ. ದೊಡ್ಡ ಉಪಾಯ ಏನಿಲ್ಲ. ಮೂರನೆಯ ವರ್ಷ ಅವ್ವ ಖಡಾಖಂಡಿತ ಹೇಳಿದಳು: ಗುರುವಾರ ಸಂಜೆ ಎರಡು ತಾಸು ನಾ ಮನಿಯಾಗ ಇರಂಗಿಲ್ಲ, ಯಾರರ ಕುಂದರ್ರಿ. ಅಪ್ಪ ಕುಳಿತರು. ಮೊದಲ ವಾರ ಅಪ್ಪನಿಗೆ ಮಾತ್ರೆ ಎಲ್ಲಿದೆ ಎಂಬುದೂ ಗೊತ್ತಿರಲಿಲ್ಲ. ಆಮೇಲೆ ಸಿದ್ಧರಾಮೇಶ್ವರರ ಗಡ್ಡಾ ಜಾತ್ರೆಗೆ ಸೊಲ್ಲಾಪುರಕ್ಕೆ ಬಂದ ಸೋದರತ್ತಿ ಹದಿನೈದು ದಿನ ಉಳಿದಳು, ವಾರದಲ್ಲಿ ಎರಡು ರಾತ್ರಿ ಅಪ್ಪನ ಪಾಳಿಯೂ ಆಯಿತು. ನಿದ್ದೆ ಬಂದ ಮೇಲೆ ಅವ್ವನ ಸಿಟ್ಟೂ ಇಳಿಯಿತು. ಸಿನೆಮಾ ಮಾಡುವವರಿಗೆ ಆ ಗುರುವಾರದ ಎರಡು ತಾಸು ಸಾಕಷ್ಟು ದೊಡ್ಡ ಕತೆ ಎಂದು ನನಗೆ ಅನ್ನಿಸುತ್ತದೆ. ಮನೆಯೊಳಗೆ ಮುದುಕಿ ಇದ್ದಾಳೆ, ಕಳೆದಿಲ್ಲ. ಹೊರಗೆ ಹೋದವಳು ಸೊಸೆ, ಅವಳು ತಿರುಗಿ ಬರುತ್ತಾಳೋ ಇಲ್ಲವೋ ಎಂದು ಬಾಗಿಲು ನೋಡುತ್ತಾ ಕುಳಿತ ಗಂಡ.

ಕಾಸರಗೋಡಿನಿಂದ ಒಬ್ಬರು ಕೇಳಿದ್ದಾರೆ, ‘ಕೇರಳದ ಸ್ಥಿತಿ ಬೇರೆಯಲ್ಲವೇ?’ ಸ್ವಲ್ಪ ಬೇರೆ ಹೌದು. 2008ರಲ್ಲಿ ಅಲ್ಲಿ ಸಾಂತ್ವನ ಆರೈಕೆಯ ನೀತಿ ಬಂತು, ಪಂಚಾಯತಿ ಮಟ್ಟದ ನರ್ಸ್ ಮನೆಗೆ ಬರುತ್ತಾರೆ. ‘ಆಶ್ವಾಸಕಿರಣಂ’ ಎಂಬ ಯೋಜನೆಯೂ ಇದೆ, ಹಾಸಿಗೆ ಹಿಡಿದವರನ್ನು ಪೂರ್ತಿ ಹೊತ್ತು ನೋಡಿಕೊಳ್ಳುವವರಿಗೆ ತಿಂಗಳಿಗೆ 600 ರೂಪಾಯಿ. ಮೊತ್ತ ಏನೇನೂ ಅಲ್ಲ ಬಿಡ್ರಿ. ಆದರೆ ಆ ಅರ್ಜಿಯಲ್ಲಿ ನೋಡಿಕೊಳ್ಳುವವರ ಹೆಸರು ಬರೆಯಲು ಒಂದು ಸಾಲು ಇದೆ. ಆ ಸಾಲಿನಲ್ಲಿ ನಿಮ್ಮ ಕಡೆ ಯಾರ ಹೆಸರು ಬರುತ್ತದೆ, ಸೊಸೆಯದೋ, ಮಗಳದೋ, ಮಗನದೋ, ಮತ್ತು ಆ ಅರ್ಜಿ ಕನ್ನಡದಲ್ಲಿ ಸಿಗುತ್ತದೆಯೇ? ಇದನ್ನು ನೀವು ಹೇಳಬೇಕು, ನಾನು ಕೇಳಿಸಿಕೊಳ್ಳುತ್ತೇನೆ. ಮೈಕ್ ಆಫ್ ಮಾಡ್ತೀನ್ರಿ.